ಅಪ್ಪ ಆರಿಸಿದ ಮಶಿನ್

"ಯಾವ ಮರ ಕೊಯ್ಯೂದು ಜಾಸ್ತಿ?" ಎಂದು ಅಂಗಡಿಯ ಮಾಬ್ಲೇಶ್ವರ ಕೇಳಿದರು.

"ಬೆಳಂಬಾರ," ಎಂದ ಅಪ್ಪ.

ಮಾಬ್ಲೇಶ್ವರ ತಲೆ ಎತ್ತಿ ನೋಡಿದರು. ಅವರು ಕೇಳಿದ್ದು ಮರದ ಹೆಸರು, ಬಂದದ್ದು ಊರಿನ ಹೆಸರು. ಪಂಪಿನ ವಾಷರ್ ಕೊಳ್ಳಲು ನಿಂತಿದ್ದ ಇಬ್ಬರು ಮುಖ ಮುಖ ನೋಡಿಕೊಂಡು ನಕ್ಕರು. ಅಪ್ಪನೂ ನಕ್ಕ. ಅವರು ಯಾಕೆ ನಕ್ಕರೆಂದು ಅವನಿಗೆ ಗೊತ್ತಾದಂತಿರಲಿಲ್ಲ.

ಮೂಲೆಯ ಸ್ಟೂಲಿನ ಮೇಲೆ ಕೂತಿದ್ದ ರಕ್ಷಿತಾಳಿಗೆ ನೆಲಕ್ಕೆ ಇಳಿದುಹೋಗುವಷ್ಟು ನಾಚಿಕೆಯಾಯಿತು. ಗಾಳಿಮರ, ಮಾವು, ಹಲಸು ಎಂಬ ಉತ್ತರ ಅವಳ ನಾಲಿಗೆಯ ತುದಿಯಲ್ಲೇ ಇತ್ತು. ಆದರೂ ಅವಳು ಬಾಯಿ ತೆರೆಯಲಿಲ್ಲ. ಅಪ್ಪನ ಜೊತೆ ಟೂ ಬಿಟ್ಟು ಅದು ನಾಲ್ಕನೆಯ ದಿನ.

ಟೂ ಬಿಟ್ಟದ್ದಕ್ಕೆ ಕಾರಣವೂ ಇತ್ತು. ಮಂಗಳವಾರ ಶಾಲೆಯಲ್ಲಿ ಪ್ರತಿಭಾ ಕಾರಂಜಿ. ಐದನೇ ಕ್ಲಾಸಿನ ಪರವಾಗಿ ರಕ್ಷಿತಾ ‘ನಮ್ಮೂರ ಕಡಲು’ ಎಂದು ಭಾಷಣ ಮಾಡಿದ್ದಳು. ಹದಿನೈದು ದಿನ ಕನ್ನಡಿಯ ಮುಂದೆ ನಿಂತು ಬಾಯಿಪಾಠ ಮಾಡಿದ ಭಾಷಣ ಅದು. ಅಪ್ಪ ಕಟ್ಟಿಗೆ ಒಡೆಯುವ ಕೆಲಸ ಅರ್ಧಕ್ಕೆ ಬಿಟ್ಟು ಬಂದು, ಹಿಂದಿನ ಸಾಲಿನಲ್ಲಿ ಕೂತಿದ್ದ. ಅವನ ತಲೆಕೂದಲಲ್ಲಿ ಕಟ್ಟಿಗೆಯ ಸಣ್ಣ ಸಣ್ಣ ಚೂರು ಹಾಗೇ ಇದ್ದವು. ರಕ್ಷಿತಾಳಿಗೆ ಎರಡನೇ ಬಹುಮಾನ ಬಂತು. ಆದರೆ ಮನೆಗೆ ಹೋದ ಮೇಲೆ ಅಪ್ಪ ಆಯಿಯ, ಅಂದರೆ ಅವಳ ಅಮ್ಮನ, ಹತ್ತಿರ ಹೇಳಿದ್ದೇನು?

"ನಮ್ಮ ರಕ್ಷಿತಾ ಏನ್ ಚಲೋ ಹಾಡಿದ್ಲು ಗೊತ್ತದೆಯಾ?"

ಅವಳು ಹಾಡಿರಲೇ ಇಲ್ಲ. ಅಪ್ಪ ಕೂತಲ್ಲೇ ನಿದ್ದೆ ಮಾಡಿರಬೇಕು, ಇಲ್ಲವೇ ಕಿವಿಗೊಟ್ಟೇ ಇಲ್ಲ ಎಂದು ಅವಳಿಗೆ ಅನ್ನಿಸಿತು. ಅವತ್ತಿನಿಂದ ಅವಳು ಅಪ್ಪನ ಜೊತೆ ಮಾತು ಬಿಟ್ಟಳು. ಯಾಕೆ ಮಾತಾಡುತ್ತಿಲ್ಲ ಎಂದು ಅಪ್ಪ ಒಂದು ಸಲವೂ ಕೇಳಲಿಲ್ಲ. ಅದು ಅವಳಿಗೆ ಇನ್ನೂ ಹೆಚ್ಚು ನೋವು ಕೊಟ್ಟಿತು.

ಇವತ್ತು ಶನಿವಾರ, ಅರ್ಧ ದಿನ ಶಾಲೆ. ಮರ ಕೊಯ್ಯುವ ಹೊಸ ಮಶಿನ್ ಜೊತೆ ಕೊಡುವ ಪುಸ್ತಕ ಇಂಗ್ಲಿಷಿನಲ್ಲಿರುತ್ತದೆ, ಅದನ್ನು ಓದಿ ಹೇಳಲು ನೀನೂ ಹೋಗಲೇಬೇಕು ಎಂದು ಆಯಿ ಅವಳನ್ನು ಹೊರಡಿಸಿದ್ದಳು. ಬೆಳಂಬಾರದಿಂದ ಅಂಕೋಲೆಗೆ, ಅಲ್ಲಿಂದ ಕಾರವಾರಕ್ಕೆ, ಎರಡು ಬಸ್ಸು ಹತ್ತಿ ಇಳಿದರೂ ರಕ್ಷಿತಾ ಒಂದಕ್ಷರ ಮಾತಾಡಿರಲಿಲ್ಲ.

ಅಪ್ಪ ಮಾದೇವ ಮರ ಕೊಯ್ಯುವವನು. ಸಮುದ್ರದ ಬದಿಯ ಗಾಳಿಮರ ಇರಲಿ, ಮನೆಯ ಹಿಂದಿನ ಹಳೇ ಮಾವು ಇರಲಿ, ಬೀಳಿಸಲು ಜನ ಅವನನ್ನೇ ಕರೆಯುತ್ತಿದ್ದರು. ಮಾದೇವ ಗೆರೆ ಹಾಕಿ ತೋರಿಸಿದ ಕಡೆಗೇ ಮರ ಬೀಳುತ್ತದೆ, ಒಂದು ಹಂಚೂ ಒಡೆಯುವುದಿಲ್ಲ ಎಂಬ ಮಾತಿತ್ತು. ಅವನ ಹಳೇ ಮಶಿನ್ ಹೋದದ್ದು ಕಳೆದ ತಿಂಗಳು, ಬಾಳೆಗುಳಿಯಲ್ಲಿ. ಮರದ ಮೇಲಿಂದ ದೊಡ್ಡ ಟೊಂಗೆಯೊಂದು ಮುರಿದು, ಅಪ್ಪನ ಹೆಗಲನ್ನು ಸವರಿಕೊಂಡು ಬಂದು ಮಶಿನ್ ಮೇಲೆ ಬಿತ್ತು. ಕಾಲು ಜಾರಿತು ಎಂದು ಅಪ್ಪ ಹೇಳಿದ. ಹಗ್ಗ ಹಿಡಿಯುವ ಜೊತೆಗಾರ ಹುಲಿಯಾ ಮಾತ್ರ ಅವತ್ತು ಜಗಲಿಯ ಮೇಲೆ ಕೂತು ಒಂದೇ ಮಾತು ಹೇಳುತ್ತಿದ್ದ. ಮಶಿನ್ ಬಂದ್ ಆಗಿತ್ತು, ನಾನು ಮೂರು ಸಲ ಕೂಗಿದೆ, ಯಾಕೆ ಸರಿಯಲಿಲ್ಲ ಎಂದು.

ಈಗ ಮೇಜಿನ ಮೇಲೆ ಎರಡು ಹೊಸ ಮಶಿನ್ ಇದ್ದವು. ಒಂದು ಹಳೆಯದರ ಹಾಗೇ ದೊಡ್ಡದು, ಅದರ ಬ್ಲೇಡು ರಕ್ಷಿತಾಳ ಕೈಯಷ್ಟು ಉದ್ದ. ಇನ್ನೊಂದು ಸಣ್ಣದು, ಹಗುರ. ಅಪ್ಪ ಸಣ್ಣದರ ಕಡೆ ನೋಡಲೂ ಇಲ್ಲ. ದೊಡ್ಡದನ್ನು ಎತ್ತಿ, ಹಿಡಿಕೆ ಹಿಡಿದು, ತೂಕ ನೋಡಿದ. ಅವನ ಮುಖದಲ್ಲಿ ಬೆಳಕು ಬಂತು.

ಆಗ ಮೊಬೈಲು ರಿಂಗಾಯಿತು.

ಅದು ಅಪ್ಪನ ಅಂಗಿಯ ಜೇಬಿನಲ್ಲೇ ಇತ್ತು, ಎದೆಯ ಎಡಗಡೆ. ರಿಂಗ್ ಎಷ್ಟು ಜೋರೆಂದರೆ ವಾಷರ್ ಕೊಳ್ಳುತ್ತಿದ್ದವರೂ ತಿರುಗಿ ನೋಡಿದರು. ಅಪ್ಪ ಮಾತ್ರ ಬ್ಲೇಡಿನ ಮೇಲೆ ಬೆರಳಾಡಿಸುತ್ತಲೇ ಇದ್ದ. ಮಾಬ್ಲೇಶ್ವರ ಜೇಬನ್ನು ನೋಡಿದರು. ಆಮೇಲೆ ಅಪ್ಪನ ಮುಖವನ್ನು ನೋಡಿದರು.

ರಕ್ಷಿತಾ ಎದ್ದು ಹೋಗಿ ಅಪ್ಪನ ಅಂಗಿ ಎಳೆದು ಜೇಬು ತೋರಿಸಿದಳು. ಅಪ್ಪ ಗಡಿಬಿಡಿಯಿಂದ ಮೊಬೈಲು ತೆಗೆದು ಬಲಗಿವಿಗೆ ಒತ್ತಿ ಹಿಡಿದ. ಫೋನ್ ಮಾಡಿದ್ದು ಆಯಿ. "ಹಾಂ, ಹಾಂ" ಎನ್ನುತ್ತ ಅವನು ರಸ್ತೆಯ ಕಡೆ ಹೋದ.

ರಕ್ಷಿತಾ ನಿಂತಲ್ಲೇ ನಿಂತಳು. ಮರದ ಹೆಸರು ಕೇಳಿದರೆ ಊರಿನ ಹೆಸರು. ಭಾಷಣ ಮಾಡಿದರೆ ಹಾಡು. ಮೂರು ಸಲ ಕೂಗಿದರೂ ಸರಿಯದ ಅಪ್ಪ.

"ಬಾಯ, ಪುಸ್ತಕ ಕೊಡ್ತೆ ಬಾ," ಎಂದು ಮಾಬ್ಲೇಶ್ವರ, ಸಣ್ಣ ಹುಡುಗಿಯರನ್ನು ಕರೆಯುವ ಹಾಗೆ, ಅವಳನ್ನು ಒಳಗಿನ ಕಪಾಟಿನ ಹತ್ತಿರ ಕರೆದರು. ಪುಸ್ತಕ ಹುಡುಕುತ್ತ, ತಗ್ಗಿದ ದನಿಯಲ್ಲಿ, ನಿನ್ನ ಅಪ್ಪನ ಕಿವಿ ಎಷ್ಟು ದಿನದಿಂದ ಹೀಗೆ ಎಂದು ಕೇಳಿದರು. ರಕ್ಷಿತಾ ಗೊತ್ತಿಲ್ಲವೆಂದು ತಲೆಯಾಡಿಸಿದಳು.

ಮಾಬ್ಲೇಶ್ವರ ಸದಾಶಿವಗಡದವರು. ಅಂಗಡಿ ಇಡುವ ಮೊದಲು ಹದಿನಾಲ್ಕು ವರ್ಷ ಮೀನಿನ ಬೋಟಿನಲ್ಲಿ ಇಂಜಿನ್ ನೋಡಿಕೊಂಡಿದ್ದರಂತೆ. ಆ ಸದ್ದಿಗೆ ತನ್ನ ಒಂದು ಕಿವಿಯೂ ಮಂದವಾಗಿದೆ, ಆದ್ದರಿಂದಲೇ ಇನ್ನೊಬ್ಬರದು ಕೂಡಲೇ ಗೊತ್ತಾಗುತ್ತದೆ ಎಂದರು. ಕೇಳದಿದ್ದಾಗ ನಗುವುದನ್ನು ತಾನೂ ವರ್ಷಗಟ್ಟಲೆ ಮಾಡಿದ್ದೇನೆ ಎಂದರು.

"ಬಿದ್ದ ಮರ ತುಂಡು ಮಾಡಿ ಕಟ್ಟಿಗೆ ಮಾಡೂಕೆ ಸಣ್ಣ ಮಶಿನ್ ಬೇಕಾದಷ್ಟಾಯ್ತು. ನಿಂತ ಮರ ಬೀಳಿಸೂಕೆ ದೊಡ್ಡದು ಬೇಕು," ಎಂದು ಅವರು ಪುಸ್ತಕ ಕೊಟ್ಟರು. "ಆದ್ರೆ ನಿಂತ ಮರ ಬೀಳಿಸೋನಿಗೆ ಕಿವಿನೂ ಬೇಕು, ಬಾಯ."

ಪುಸ್ತಕದ ಮೊದಲ ಪುಟದಲ್ಲೇ ಒಂದು ಚಿತ್ರವಿತ್ತು. ಒಬ್ಬ ಮನುಷ್ಯನ ತಲೆ, ಎರಡೂ ಕಿವಿಯ ಮೇಲೆ ದಪ್ಪ ಬಟ್ಟಲಿನಂಥ ಮುಚ್ಚಳ. ಅದನ್ನು ಅರ್ಥ ಮಾಡಿಕೊಳ್ಳಲು ಇಂಗ್ಲಿಷ್ ಬೇಕಾಗಿರಲಿಲ್ಲ.

ಅಪ್ಪ ಒಳಗೆ ಬಂದು ಮತ್ತೆ ದೊಡ್ಡ ಮಶಿನ್ ಮುಂದೆ ನಿಂತ. ಮಾಬ್ಲೇಶ್ವರ ಅವನ ಬೆನ್ನ ಹಿಂದೆ ರಟ್ಟಿನ ಡಬ್ಬಿ ಕೆಳಗಿಳಿಸುತ್ತಿದ್ದರು.

"ಯಾವ್ದು ಕಟ್ಲಿ?" ಎಂದರು.

ಅಪ್ಪನಿಗೆ ಕೇಳಲಿಲ್ಲ. ಮಾಬ್ಲೇಶ್ವರ ರಕ್ಷಿತಾಳ ಕಡೆ ನೋಡಿದರು.

ಸಣ್ಣದು ಎಂದರೆ ಮುಗಿಯಿತು. ಅವರು ಸಣ್ಣದನ್ನೇ ಕಟ್ಟುತ್ತಾರೆ. ಅಪ್ಪ ಕೇಳಿದರೆ, ನೀನೇ ಹೂಂ ಅಂದೆಯಲ್ಲ ಎನ್ನಬಹುದು. ಅಪ್ಪ ನಂಬುತ್ತಾನೆ. ಕೇಳಿಸದವನು ಅದಕ್ಕೂ ನಕ್ಕು ಸುಮ್ಮನಾಗುತ್ತಾನೆ.

ಅಪ್ಪ ಹಾಗೆ ನಗುವುದು ಅವಳಿಗೆ ಬೇಡವಾಗಿತ್ತು.

"ಸ್ವಲ್ಪ ತಡೀರಿ," ಎಂದು ಅವಳು ಅಪ್ಪನ ಬಲಗಡೆಗೆ ಹೋದಳು. ಅವನ ಕೈಹಿಡಿದು ಅಂಗಡಿಯ ಹಿಂದಿನ ಅಂಗಳಕ್ಕೆ ಕರೆದುಕೊಂಡು ಬಂದಳು. ಅಲ್ಲಿ ಯಾರೂ ಇರಲಿಲ್ಲ. ಮಶಿನ್ ಕೊಳ್ಳುವವರು ಕೊಯ್ದು ನೋಡಲೆಂದು ಒಂದು ದಪ್ಪ ಹಲಸಿನ ದಿಮ್ಮಿ ಬಿದ್ದಿತ್ತು. ಅಪ್ಪನನ್ನು ಅದರ ಮೇಲೆ ಕೂರಿಸಿ ಅವಳು ಎದುರಿಗೆ ನಿಂತಳು.

"ಅಪ್ಪ, ನಿಂಗೆ ಎಡಗಿವಿ ಕೇಳ್ಸೂದಿಲ್ಲ ಅಲ್ಲಾ?"

ಅಪ್ಪ ನಗಲು ಹೋದ. ನಗು ಅರ್ಧಕ್ಕೇ ನಿಂತಿತು.

"ಯಾರ್ ಹೇಳಿದ್ರು?"

"ಯಾರೂ ಹೇಳ್ಲಿಲ್ಲ. ಮಂಗಳವಾರ ನಾ ಹಾಡಿದ್ದಲ್ಲ, ಭಾಷಣ ಮಾಡಿದ್ದು. ಅದ್ಕೇ ಸಿಟ್ಟು ಬಂದು ನಿನ್ನ ಹತ್ರ ಮಾತು ಬಿಟ್ಟಿದ್ದೆ. ನಾಕು ದಿನ ಆಯ್ತು. ನಿಂಗೆ ಗೊತ್ತೇ ಆಗ್ಲಿಲ್ಲ."

ಅಪ್ಪ ಅವಳ ಕಡೆಗೆ ಬಾಗಿದ.

"ನೀ ಮಾತಾಡ್ತಾನೇ ಇರ್ಲಿಲ್ವಾ?" ಎಂದ ಮೆಲ್ಲಗೆ. "ನಾ ಎಣಿಸ್ದೆ, ನಿನ್ನ ಸ್ವರನೂ ಕೇಳದಷ್ಟು ಹಾಳಾಯ್ತು ಅಂತ."

ಈ ನಾಲ್ಕು ದಿನ ಊಟಕ್ಕೆ ಕೂತಾಗಲೆಲ್ಲ ಅಪ್ಪ ರಕ್ಷಿತಾಳ ಬಾಯಿಯನ್ನೇ ನೋಡುತ್ತಿದ್ದ. ಸುಮ್ಮನೆ ನೋಡುತ್ತಾನೆ ಎಂದುಕೊಂಡಿದ್ದಳು. ಅವನು ಕಾಯುತ್ತಿದ್ದ. ಅವಳ ತುಟಿ ಅಲುಗುತ್ತದೋ ಎಂದು ಕಾಯುತ್ತಿದ್ದ. ಅವಳ ಕಣ್ಣು ತುಂಬಿ ಬಂತು. ಆದರೆ ಈಗ ಅಳುತ್ತ ಕೂತರೆ ಹೇಳಬೇಕಾದ್ದು ಉಳಿದುಹೋಗುತ್ತದೆ. ಅವಳು ಫ್ರಾಕಿನ ತೋಳಿನಿಂದ ಮುಖ ಒರೆಸಿಕೊಂಡಳು.

ಅಪ್ಪ ತಾನಾಗಿಯೇ ಹೇಳತೊಡಗಿದ. ಎರಡು ವರ್ಷದಿಂದ ಹೀಗೇ. ಮೊದಲು ಕಿವಿಯಲ್ಲಿ ಜೀರುಂಡೆ ಕೂಗಿದಂತೆ ಆಗುತ್ತಿತ್ತು, ಆಮೇಲೆ ಜನರ ಮಾತು ದೂರ ಹೋಯಿತು. ಆಯಿಗೂ ಹೇಳಿಲ್ಲ. ಕಿವಿ ಕೇಳದ ಮಾದೇವನನ್ನು ಮರ ಬೀಳಿಸಲು ಯಾರು ಕರೆಯುತ್ತಾರೆ?

"ಹುಲಿಯಾನಿಗೆ ಹೇಳ್ಬೇಡ," ಎಂದ ಕೊನೆಗೆ.

"ನಾ ಹೇಳೂದಿಲ್ಲ," ಎಂದಳು ರಕ್ಷಿತಾ. "ನೀನೇ ಹೇಳ್ಬೇಕು."

ಅಪ್ಪ ಬೇರೆ ಕಡೆಗೆ ಮುಖ ತಿರುಗಿಸಿದ. ಅವಳು ಸುತ್ತಿ ಬಂದು ಮತ್ತೆ ಎದುರಿಗೇ ನಿಂತಳು.

"ಹುಲಿಯಾ ಮಾಮ ಮೂರು ಸಲ ಕೂಗಿದ್ನಲ್ಲ. ಒಂದಾದ್ರೂ ಕೇಳಿತ್ತಾ?"

ಅಪ್ಪ ದಿಮ್ಮಿಯ ತೊಗಟೆಯನ್ನು ಉಗುರಿನಿಂದ ಕೀಳುತ್ತ ಕೂತ. ಒಳಗಿನಿಂದ ಯಾರೋ ಪಂಪ್ ಸ್ಟಾರ್ಟ್ ಮಾಡಿ ಬಂದ್ ಮಾಡಿದರು. ಅವಳು ಅಲುಗಲಿಲ್ಲ.

"ಇಲ್ಲ," ಎಂದ ಅಪ್ಪ.

ಆಮೇಲೆ ಅವನೇ ಎದ್ದು ಒಳಗೆ ಹೋಗಿ, ಎರಡೂ ಮಶಿನ್ ಕೊಯ್ದು ನೋಡುತ್ತೇನೆ ಎಂದು ಮಾಬ್ಲೇಶ್ವರರಿಗೆ ಹೇಳಿದ. ಅವರು ಪೆಟ್ರೋಲು ಹಾಕಿ, ಎರಡನ್ನೂ ಅಂಗಳಕ್ಕೆ ತಂದರು. ಕಿವಿಯ ಮುಚ್ಚಳವನ್ನೂ ತಂದರು. ಅಪ್ಪ ಅದನ್ನು ತಿರುಗಿಸಿ ಮುರುಗಿಸಿ ನೋಡಿದ. ಇದನ್ನು ಹಾಕಿಕೊಂಡು ಬೆಳಂಬಾರದಲ್ಲಿ ನಿಂತರೆ ಜನ ಹಾಸ್ಯ ಮಾಡುತ್ತಾರೆ ಎಂದ. ಮಾಡಲಿ ಎಂದರು ಮಾಬ್ಲೇಶ್ವರ. ಹೋದದ್ದು ತಿರುಗಿ ಬರುವುದು ಕಷ್ಟ, ಉಳಿದದ್ದನ್ನು ಉಳಿಸಿಕೊಳ್ಳಬೇಕು, ಒಮ್ಮೆ ಕಿವಿಯ ಡಾಕ್ಟರರಿಗೂ ತೋರಿಸಬೇಕು ಎಂದರು. ಈ ಸಲ ಅವರು ಅಪ್ಪನ ಬಲಗಡೆ ನಿಂತೇ ಮಾತಾಡಿದರು.

ಅಪ್ಪ ಮುಚ್ಚಳ ಹಾಕಿಕೊಂಡ. ಹಗ್ಗ ಎಳೆದು ದೊಡ್ಡ ಮಶಿನ್ ಸ್ಟಾರ್ಟ್ ಮಾಡಿದ. ರಕ್ಷಿತಾ ದೂರದ ಗೋಡೆಯ ಹತ್ತಿರ ಕಿವಿ ಮುಚ್ಚಿಕೊಂಡು ನಿಂತಳು. ಬ್ಲೇಡು ಹಲಸಿನ ದಿಮ್ಮಿಯೊಳಗೆ ಸರ್ರನೆ ಇಳಿಯಿತು. ಅಪ್ಪ ಎಷ್ಟು ಚೆಂದ ನಿಂತಿದ್ದನೆಂದರೆ, ಅವನಿಂದ ದೊಡ್ಡ ಮಶಿನ್ ಬಿಡಿಸಲು ಹೊರಟದ್ದು ತಪ್ಪೇನೋ ಎಂದು ಒಂದು ಗಳಿಗೆ ಅವಳಿಗೆ ಅನ್ನಿಸಿತು.

ಅನಂತರ ಸಣ್ಣದು. ಅದು ಅಷ್ಟು ಬೇಗ ಕೊಯ್ಯಲಿಲ್ಲ. ಅಪ್ಪ ಅದನ್ನು ಒತ್ತಿದ, ಅದು ಮುನಿಸಿಕೊಂಡಂತೆ ಗುರುಗುಟ್ಟಿತು. ಒತ್ತುವುದನ್ನು ಬಿಟ್ಟು ಅದರ ಪಾಡಿಗೆ ಬಿಟ್ಟ. ಆಗ ಸಲೀಸಾಗಿ ಇಳಿಯಿತು. ಒಂದು ತುಂಡು ಬಿತ್ತು, ಎರಡು, ಮೂರು. ಹಳದಿ ಪುಡಿ ಅವನ ಪಾದದ ಮೇಲೆಲ್ಲ ಹರಡಿತು.

ಮಶಿನ್ ಬಂದ್ ಮಾಡಿ ಅವನು ಮುಚ್ಚಳ ಕೆಳಗಿಳಿಸಿದ. ಒಂದು ತುಂಡನ್ನು ಎತ್ತಿ ಕೊಯ್ದ ಜಾಗವನ್ನು ಸವರಿದ.

"ಕಟ್ಟಿಗೆಗೆ ಇದು ಸಾಕು," ಎಂದ ಅಪ್ಪ. ತುಂಡನ್ನು ಕೆಳಗಿಟ್ಟು, "ನಾಳೆ ಹುಲಿಯಾನ ಮನೆಗೆ ಹೋಗಿ ಬತ್ತೆ," ಎಂದ.

ಕಾರವಾರದ ಸ್ಟ್ಯಾಂಡಿನಲ್ಲಿ ಅಂಕೋಲೆಯ ಬಸ್ಸು ತುಂಬುತ್ತಿತ್ತು. ರಕ್ಷಿತಾ ಮೊದಲು ಹತ್ತಿ, ನೋಡಿ, ಬಲಗಡೆಯ ಸೀಟು ಹಿಡಿದು ಕಿಟಕಿಗೆ ಕೂತಳು. ಹಾಗೆ ಕೂತರೆ ಅವಳಿರುವುದು ಅಪ್ಪನ ಬಲಗಿವಿಯ ಕಡೆಗೆ. ಅಪ್ಪ ಸಣ್ಣ ಮಶಿನ್ ಇದ್ದ ಡಬ್ಬಿಯನ್ನು ಕಾಲಿನ ಬುಡದಲ್ಲಿಟ್ಟುಕೊಂಡ.

ಊರು ದಾಟುತ್ತಲೇ ಕಂಡಕ್ಟರ್ ಹಿಂದಿನಿಂದ ಬಂದು ಅಪ್ಪನ ಎಡಗಡೆ ನಿಂತು, ಎಲ್ಲಿಗೆ ಎಂದು ಕೇಳಿದ. ಅಪ್ಪ ಮುಂದೆ ನೋಡುತ್ತಿದ್ದ. ಕಂಡಕ್ಟರ್ ಮತ್ತೊಮ್ಮೆ ಕೇಳಿದ. ಮುಂದಿನ ಸೀಟಿನವರು ತಿರುಗಿ ನೋಡಿದರು.

ರಕ್ಷಿತಾ ಬಾಯಿ ತೆರೆದಳು. ತೆರೆದವಳು ಹಾಗೇ ಮುಚ್ಚಿಕೊಂಡು, ಅಪ್ಪನ ಮೊಣಕೈ ಮುಟ್ಟಿ ಕಣ್ಣಿನಿಂದ ಎಡಗಡೆ ತೋರಿಸಿದಳು.

ಅಪ್ಪ ತಿರುಗಿ ಕಂಡಕ್ಟರನ ಮುಖ ನೋಡಿದ. "ನಂಗೆ ಈ ಕಿವಿ ಮಂದ," ಎಂದ. "ಇನ್ನೊಂದ್ ಸಲ ಹೇಳಿ."

ಕಂಡಕ್ಟರ್ ಇನ್ನೊಂದು ಸಲ ಹೇಳಿದ. ಅಪ್ಪ ಒಂದು ಫುಲ್ಲು, ಒಂದು ಹಾಫು ತೆಗೆದುಕೊಂಡ. ಮುಂದಿನ ಸೀಟಿನವರು ಮುಂದಕ್ಕೆ ತಿರುಗಿಕೊಂಡರು. ರಕ್ಷಿತಾಳಿಗೆ ಈಗ ನಾಚಿಕೆಯಾಗಲಿಲ್ಲ. ಅವಳು ಕಿಟಕಿಯ ಗಾಜನ್ನು ಸರಿಸಿ, ಗಾಳಿಗೆ ಮುಖವೊಡ್ಡಿ ಕೂತಳು.