ಪ್ರಯೋಗಶಾಲೆಯ ಹೊರಗೆ ಎರಡು ಕುರ್ಚಿ

"ಅಳ್ತಾ ಬಂದ್ರಾ?"

ಪಕ್ಕದ ಕುರ್ಚಿಯಿಂದ ಬಂದ ಪ್ರಶ್ನೆಗೆ ಅವಳು ಬೆಚ್ಚಿಬಿದ್ದಳು. ಮನಶ್ಶಾಸ್ತ್ರ ಪ್ರಯೋಗಶಾಲೆಯ ಹೊರಗೆ ಕಾಯಲು ಇದ್ದದ್ದೇ ಎರಡು ಕುರ್ಚಿ. ಆ ಹುಡುಗನೂ ತನ್ನ ಹಾಗೇ ಪ್ರಯೋಗಕ್ಕೆ ಒಪ್ಪಿ ಬಂದವನು ಎಂದುಕೊಂಡಿದ್ದಳು.

"ಅಪ್ಪನ ಫೋನು," ಎಂದಳು. ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ಮನೆಯಲ್ಲಿ ಅವಳನ್ನು ಮಾತಿನಮಲ್ಲಿ ಎಂದು ಸುಮ್ಮನೆ ಕರೆಯುತ್ತಿರಲಿಲ್ಲ.

"ಅದೇ ಸೈಕಾಲಜಿನ ಬಿ.ಎಸ್ಸಿ.ಲಿ ಓದಬಹುದಿತ್ತಲ್ಲ, ಬಿ.ಎ. ಮಾಡಿ ಊರವರ ಕಷ್ಟಸುಖ ಕೇಳ್ತಾ ಕೂರ್ತೀಯಾ ಅಂತಾರೆ. ವಿಷಯ ಒಂದೇ, ದಾರಿ ಬೇರೆ ಅಂದ್ರೆ ಕೇಳಲ್ಲ. ನಾವು ಜನರ ಹತ್ರ ಕೂತು ಮಾತಾಡಿಸ್ತೀವಿ. ಬಿ.ಎಸ್ಸಿ.ಯವರು ಮಿದುಳು, ನರ, ಅಂಕಿಅಂಶ ಅಂತ ಅಳೀತಾರೆ."

ಅವನು ಒಂದು ಕ್ಷಣ ಬಾಗಿಲ ಕಡೆ ನೋಡಿದ.

"ಅಳೆಯೋರು ಯಾರ ನೋವಿಗೂ ಉತ್ತರ ಕೊಡಬೇಕಾಗಿಲ್ಲ. ನಿಮ್ಮ ಕೆಲಸಕ್ಕೆ ಧೈರ್ಯ ಬೇಕು... ಅಪ್ಪನಿಗೂ ಒಂದಿನ ಗೊತ್ತಾಗತ್ತೆ ಬಿಡಿ."

ಇಷ್ಟು ದಿನ ಈ ಮಾತನ್ನು ಯಾರೂ ಹೇಳಿರಲಿಲ್ಲ. ಎದೆ ಹತ್ತಿಯಷ್ಟು ಹಗುರಾಯಿತು. ಒಳಗಿನಿಂದ ಕರೆ ಬಂದಾಗ ಏಳಲು ಮನಸ್ಸೇ ಇರಲಿಲ್ಲ.

ಒಳಗೆ ಪದಗಳನ್ನು ತೋರಿಸಿ ನೆನಪಿನ ಪರೀಕ್ಷೆ ಮಾಡಿದರು. ಮುಗಿದ ಮೇಲೆ ಲ್ಯಾಬ್ ಮೇಡಂ ನಕ್ಕರು.

"ಕೊನೆಗೆ ನಿಜ ಹೇಳೋದು ನಮ್ಮ ನಿಯಮ. ಹೊರಗೆ ಕೂತಿದ್ದವನು ನಮ್ಮ ಬಿ.ಎಸ್ಸಿ. ಹುಡುಗ, ಪ್ರಯೋಗ ಅವನದೇ. ಅರ್ಧ ಜನರ ಹತ್ರ ಅಕ್ಕರೆಯಿಂದ ಮಾತಾಡ್ಬೇಕು, ಇನ್ನರ್ಧ ಜನರ ಹತ್ರ ತುಟಿ ಬಿಚ್ಚಬಾರದು. ಅದರಿಂದ ನೆನಪು ಬದಲಾಗತ್ತಾ ಅಂತ ನೋಡ್ತಿದೀವಿ. ಯಾರು ಯಾವ ಗುಂಪು ಅಂತ ಸದ್ಯಕ್ಕೆ ನನಗೂ ಗೊತ್ತಿರಬಾರದು."

ಆ ಅಕ್ಕರೆ, ಆ ಸಮಾಧಾನ... ಎಲ್ಲ ಉರು ಹೊಡೆದ ಮಾತೇ? ಎಂಥ ಪೆದ್ದಿ ನಾನು! ಜನರ ಮನಸ್ಸು ಓದಲು ಹೊರಟವಳಿಗೆ ಪಕ್ಕದಲ್ಲಿ ಕೂತವನ ನಾಟಕ ತಿಳಿಯಲಿಲ್ಲ.

ಅವಳು ಮೆಟ್ಟಿಲ ಬಳಿ ಸ್ವಲ್ಪ ಹೊತ್ತು ನಿಂತು ಕಣ್ಣೊರೆಸಿಕೊಂಡಳು. ಇಳಿಯತೊಡಗಿದಾಗ ಅವನು ಓಡಿಬಂದ.

"ಒಂದ್ನಿಮಿಷ..."

"ಇನ್ನೇನು ಅಳೆಯೋದು ಬಾಕಿ ಇದೆ? ಸ್ವಂತ ಅಕ್ಕನಿಗೂ ಹೇಳದೆ ಇದ್ದದ್ದನ್ನ ನಿಮ್ಮ ಹತ್ರ ಹೇಳಿದೆ. ನೀವು ಪಾಠ ಒಪ್ಪಿಸಿದ್ರಿ."

"ನೀವು ಯಾವ ಗುಂಪು ಅಂತ ಕೇಳಲ್ವಾ?"

"ಅಂಗೈ ಹುಣ್ಣಿಗೆ ಕನ್ನಡಿ ಬೇಕಾ?"

"ಮೌನದ ಗುಂಪು."

ಅವಳು ಇಳಿಯುತ್ತಿದ್ದ ಮೆಟ್ಟಿಲಲ್ಲೇ ಅವನತ್ತ ತಿರುಗಿದಳು.

"ನಿಮ್ಮ ಹತ್ರ ನಾನು ಒಂದು ಮಾತೂ ಆಡಬಾರದಿತ್ತು. ಆಗಲಿಲ್ಲ... ಈಗಷ್ಟೇ ಮೇಡಂಗೆ ಹೇಳಿ ಬಂದೆ. ನಿಯಮ ಮುರಿದವನ ಕೈಲಿ ಈ ಪ್ರಯೋಗ ಬಿಡಲ್ಲ ಅಂದ್ರು."

ಅವಳು ಗೋಡೆಗೆ ಒರಗಿದಳು. ಹಾಗಾದರೆ ಆ ಮಾತುಗಳನ್ನು ಯಾರೂ ಬರೆದುಕೊಟ್ಟಿರಲಿಲ್ಲ. ಆದರೂ ಒಂದು ಅನುಮಾನ ಮುಳ್ಳಿನಂತೆ ಚುಚ್ಚಿತು.

"ಬೇರೆ ಯಾರು ಅಳ್ತಾ ಬಂದಿದ್ರೂ ಮಾತಾಡಿಸ್ತಿದ್ರಿ ಅಲ್ವಾ?"

ಅವನು ತಲೆ ತಗ್ಗಿಸಿದ. "ಹೋದ ವಾರ ಒಬ್ಬರು ಬಂದಿದ್ರು. ಅವರದೂ ಮೌನದ ಗುಂಪು, ಅವರೂ ಅಳ್ತಿದ್ರು. ನಾನು ಸುಮ್ನೆ ಕೂತಿದ್ದೆ."

"ಮತ್ತೆ ನನ್ನ ಹತ್ರ ಯಾಕೆ...?"

"ನೀವು ಹಾಗೆ ಇರೋದನ್ನ ನೋಡೋಕೆ ಆಗಲಿಲ್ಲ. ಬೇರೆ ಕಾರಣ ನನಗೂ ಗೊತ್ತಿಲ್ಲ."

ಅವಳು ಮೆಟ್ಟಿಲ ಮೇಲೆ ಕೂತಳು. ಸ್ವಲ್ಪ ಸರಿದು ಜಾಗ ಮಾಡಿದಳು.

"ಕೂತ್ಕೊಳ್ಳಿ. ಈಗ ನೀವು ಹೇಳಿ, ನಾನು ಕೇಳ್ತೀನಿ."