ಉದೇನಿ ನೋಡದ ಊರುಗಳು

"ಮಿಸ್, ನೀವು ಯಾವತ್ತಾದ್ರೂ ಮಿರಿಸ್ಸಾಗೆ ಹೋಗಿದ್ದೀರಾ?"

ಕೌಂಟರ್ ಮೇಲೆ ಎರಡೂ ಕೈ ಊರಿ ನಿಂತಿದ್ದ ಟೂರಿಸ್ಟ್ ವ್ಯಾನ್ ಡ್ರೈವರ್ ಅಸಂಕ. ಉದೇನಿ ರಿಜಿಸ್ಟರಿನಿಂದ ತಲೆ ಎತ್ತಲಿಲ್ಲ. "ಯಾಕೆ?"

"ಆಗಸ್ಟ್‌ನಲ್ಲಿ ಅಲ್ಲಿ ತಿಮಿಂಗಿಲ ತೋರಿಸೋಕೆ ದೋಣಿ ಇಳಿಸೋದಿಲ್ಲ. ಸಮುದ್ರ ಕೆರಳಿರುತ್ತೆ. ಡೆನ್ಮಾರ್ಕಿನ ಅಜ್ಜ-ಅಜ್ಜಿ ಎರಡು ದಿನ ರೂಮಲ್ಲೇ ಕೂತು ಮಳೆ ನೋಡಿದ್ರು. ನಿಮ್ಮ ಪಟ್ಟಿ ನಂಬ್ಕೊಂಡು."

ಅವಳ ಕಿವಿ ಬಿಸಿಯಾಯಿತು. ಕೌಂಟರ್ ಹಿಂದಿನ ಗೋಡೆಯಲ್ಲಿ ಅವಳೇ ದುಂಡಗೆ ಬರೆದು ತೂಗುಹಾಕಿದ್ದ ಪಟ್ಟಿಯಿತ್ತು: 'ನಮ್ಮ ದ್ವೀಪದಲ್ಲಿ ತಪ್ಪದೆ ನೋಡಬೇಕಾದ ಹತ್ತು ಜಾಗ.' ಬೆಟ್ಟದೂರು ಹಪುತಲೆಯ ಆ ಪುಟ್ಟ ಗೆಸ್ಟ್‌ಹೌಸಿಗೆ ಬಂದವರೆಲ್ಲ ಅದರ ಫೋಟೋ ತೆಗೆದುಕೊಂಡು ಹೊರಡುತ್ತಿದ್ದರು.

"ಹೋಗಿಲ್ಲ," ಅಂದಳು ಉದೇನಿ. "ಒಂದಕ್ಕೂ ಹೋಗಿಲ್ಲ. ಅಪ್ಪ ತೀರ್ಕೊಂಡು ಒಂಬತ್ತು ವರ್ಷ ಆಯ್ತು, ಅಮ್ಮನಿಗೆ ಮಂಡಿನೋವು. ಈ ಕುರ್ಚಿ ಬಿಟ್ಟು ನಾನೆಲ್ಲಿಗೆ ಹೋಗ್ಲಿ? ಬಂದವರು ಹೇಳಿದ್ದನ್ನ ಬರೆದೆ. ಈಗ ಊರಿಗೆಲ್ಲ ಡಂಗುರ ಸಾರಿ."

ಜಗಳಕ್ಕೆಂದೇ ಬಂದಿದ್ದ ಅಸಂಕ ಕೌಂಟರಿನಿಂದ ಕೈ ತೆಗೆದ. ಪಟ್ಟಿಯನ್ನು ಮೇಲಿಂದ ಕೆಳಗೆ ಓದಿದ. "ಅಕ್ಷರ ಚೆನ್ನಾಗಿದೆ," ಅಂದು ಹೊರಟುಹೋದ.

ನಾಲ್ಕು ದಿನದ ಮೇಲೆ ಗೆಸ್ಟ್‌ಹೌಸಿನ ಫೋನ್ ಬಡಿದುಕೊಂಡಿತು.

"ನಿಮ್ಮ ಪಟ್ಟಿಗೆ ಬರ್ಕೊಳ್ಳಿ ಮಿಸ್. ಸಿಗಿರಿಯ. ಸಾವಿರದ ಇನ್ನೂರು ಮೆಟ್ಟಿಲು. ಬಿಸಿಲೇರೋಕೆ ಮೊದಲೇ ಹತ್ತಬೇಕು. ಮೇಲೆ ಗಾಳಿ ಎಷ್ಟಿದೆ ಅಂದ್ರೆ, ನೀವು ಬಂದ್ರೆ ಕೂದಲು ಗಟ್ಟಿಯಾಗಿ ಕಟ್ಕೊಂಡು ಬರಬೇಕು."

"ನನ್ನ ಕೂದಲಿನ ವಿಷಯ ಟೂರಿಸ್ಟ್‌ಗಳಿಗೆ ಯಾಕೆ?"

"ಅದು ಟೂರಿಸ್ಟ್‌ಗಳಿಗಲ್ಲ."

ಉದೇನಿ ಫೋನಿಟ್ಟಳು. ನಗು ಬಂದಿದ್ದು ಯಾರಿಗೂ ಕಾಣದ ಹಾಗೆ ರಿಜಿಸ್ಟರ್ ಎತ್ತಿ ಮುಖಕ್ಕೆ ಹಿಡಿದಳು. ವರಾಂಡದಲ್ಲಿ ಬೀನ್ಸ್ ಬಿಡಿಸುತ್ತಿದ್ದ ಅಮ್ಮ ಸೋಮಲತಾಗೆ ಕಂಡೇಬಿಟ್ಟಿತು.

ಆಮೇಲೆ ವಾರಕ್ಕೆರಡು ಸಲ ಫೋನ್. ಸಿಂಹರಾಜ ಕಾಡಿನಿಂದ, ಕಾಲಿಗೆ ಏಳು ಜಿಗಣೆ ಹತ್ತಿವೆ, ಎಂಟನೇದನ್ನ ಹುಡುಕ್ತಿದ್ದೀನಿ ಅಂತ. ಒಮ್ಮೆ ಕುರುನೇಗಲದಿಂದ, ಅಮ್ಮನ ಮನೆಗೆ ಬಂದಿದ್ದೀನಿ, ಇದನ್ನ ಪಟ್ಟಿಗೆ ಹಾಕ್ಬೇಡಿ ಅಂತ. ಗಾಲ್ ಕೋಟೆಯಿಂದ ಮಾಡಿದ ಸಂಜೆ ಮಾತ್ರ ಅವನು 'ಬರ್ಕೊಳ್ಳಿ' ಅನ್ನಲಿಲ್ಲ.

"ಏನಾಯ್ತು?" ಅಂದಳು.

"ಏನಿಲ್ಲ. ಕೋಟೆ ಗೋಡೆ ಮೇಲೆ ಎಲ್ಲರೂ ಜೋಡಿಯಾಗಿ ಕೂತಿದ್ದಾರೆ. ನಾನು ವ್ಯಾನಿಗೆ ಒರಗಿ ನಿಂತಿದ್ದೀನಿ."

ಅವಳು ಅದನ್ನು ಬರೆದುಕೊಳ್ಳಲಿಲ್ಲ. ಆದರೆ ಆ ರಾತ್ರಿ ಪಟ್ಟಿ ತೆಗೆದು ಹೊಸದಾಗಿ ಬರೆಯಲು ಕೂತಾಗ, ಹತ್ತೂ ಊರುಗಳು ಅವನ ದನಿಯಲ್ಲೇ ಕೇಳಿಸತೊಡಗಿದವು.

ಮುಂದಿನ ಶುಕ್ರವಾರ ಅವನು ಜನರನ್ನು ಇಳಿಸಿ ಒಳಗೆ ಬಂದ. ಟೀ ಮುಟ್ಟಲಿಲ್ಲ. "ಬರೋ ಗುರುವಾರದಿಂದ ನನ್ನನ್ನ ಜಾಫ್ನಾ ಕಡೆ ಹಾಕಿದ್ದಾರೆ. ಆ ರೂಟಿನವರು ಹಪುತಲೆಗೆ ಬರಲ್ಲ."

"ಒಳ್ಳೇದಾಯ್ತು," ಅಂದಳು ಉದೇನಿ. "ಅಲ್ಲಿ ಬಿಸಿಲಾದ್ರೂ ಇರುತ್ತೆ." ಅಷ್ಟು ಹೇಳಿ, ಇಲ್ಲದ ಕೆಲಸ ನೆನಪಾದವಳಂತೆ ಅಡುಗೆಮನೆಗೆ ಹೋಗಿ ನಿಂತುಬಿಟ್ಟಳು.

ಸೋಮಲತಾ ಗೋಡೆ ಹಿಡಿದುಕೊಂಡು ಹಿಂದೆಯೇ ಬಂದರು. "ಆ ಹುಡುಗ ಇನ್ಮೇಲೆ ಬರಲ್ವಂತಾ?"

"ಯಾವ ಹುಡುಗ?"

"ಕೂತಲ್ಲೇ ನಿನಗೆ ದೇಶ ಸುತ್ತಿಸ್ತಿದ್ದನಲ್ಲ, ಅವನು. ಕೆಟ್ಟಿರೋದು ನನ್ನ ಮಂಡಿ ಕಣೇ, ಕಿವಿಯಲ್ಲ." ಮಗಳ ಕಣ್ಣು ನೋಡಿ ದನಿ ತಗ್ಗಿಸಿದರು. "ಭಾನುವಾರ ಬಾಗಿಲು ಹಾಕೋಣ. ಸಮುದ್ರ ತೋರಿಸು ಅಂತ ಅವನಿಗೆ ಹೇಳು. ನಾನೂ ಬರ್ತೀನಿ."

ಭಾನುವಾರ ಬೀಗ ಹಾಕಿದ್ದೂ ಅವರೇ.

ಅರುಗಮ್ ಕಡಲತೀರ ಸೇರುವಷ್ಟರಲ್ಲಿ ಹತ್ತು ಗಂಟೆ. ಸೋಮಲತಾ ತೆಂಗಿನ ನೆರಳಲ್ಲಿ ಎಳನೀರು ಹಿಡಿದು ಕೂತು, ಬೇಕೆಂದೇ ಬೇರೆ ಕಡೆ ಮುಖ ತಿರುಗಿಸಿದರು. ಉದೇನಿ ಚಪ್ಪಲಿ ಬಿಟ್ಟು ನೀರಿಗಿಳಿದಳು. ಅಲೆ ಹಿಂದೆ ಸರಿಯುವಾಗ ಕಾಲಡಿಯ ಮರಳನ್ನೂ ಎಳೆದುಕೊಂಡು ಹೋಯಿತು. ಅವಳು ತಟ್ಟನೆ ಅಸಂಕನ ತೋಳು ಹಿಡಿದಳು.

"ಇದನ್ನ ಯಾರೂ ಹೇಳಿರಲಿಲ್ಲ," ಅಂದಳು. ತೋಳು ಬಿಡಲಿಲ್ಲ.

"ಫೋನಲ್ಲಿ ಹೇಳೋಕೆ ಬರಲ್ಲ, ಮಿಸ್." ಅವನು ಅವಳ ಬೆರಳುಗಳನ್ನೇ ನೋಡುತ್ತಿದ್ದ. "ಮೂರು ತಿಂಗಳು ಜಾಫ್ನಾ. ಅಷ್ಟರಲ್ಲಿ ಹಪುತಲೇಲೇ ಕೆಲಸ ಹುಡುಕ್ತೀನಿ. ನನಗೆ ನಿಮ್ಮನ್ನ ಬಿಟ್ಟಿರೋಕೆ ಆಗಲ್ಲ. ಕಾಯ್ತೀರಾ?"

"ಕಾಯಲ್ಲ."

ಅವನ ಮುಖ ಸಣ್ಣದಾಯಿತು.

"ಒಂಬತ್ತು ವರ್ಷ ಕೂತಲ್ಲೇ ಕೂತು ಕಾದಿದ್ದು ಸಾಕಾಗಿದೆ," ಅಂದಳು ಉದೇನಿ. "ಕುರುನೇಗಲದಲ್ಲಿ ನಿಮ್ಮ ಅಮ್ಮ ಇದ್ದಾರಲ್ಲ. ಜಾಫ್ನಾಗೆ ಹೋಗೋ ಮೊದಲು ನನ್ನನ್ನೂ ಅಮ್ಮನನ್ನೂ ಅಲ್ಲಿಗೆ ಕರ್ಕೊಂಡು ಹೋಗು."

ಅವನು ತಿರುಗಿ ನೋಡಿದ. "ಹೋಗು ಅಂದ್ರಾ?"

ತನ್ನ ಬಾಯಿಂದ ಏನು ಬಂತೆಂದು ಅವಳಿಗೆ ಆಗ ಹೊಳೆಯಿತು. ಮುಖವೆಲ್ಲ ಕೆಂಪಾಯಿತು. ಆದರೂ ಅವನ ಕಣ್ಣು ತಪ್ಪಿಸಲಿಲ್ಲ.

"ಹೂಂ, ಹೋಗು ಅಂದೆ," ಅಂದಳು. "ನೀನೂ ಇನ್ನು ಆ 'ಮಿಸ್' ಬಿಡು."