ಪಿಸ್ಟನ್‌ಗೆ ಹಚ್ಚಿದ ಕೆಂಪು

ಜ್ಯೋತಿಲಕ್ಷ್ಮಿ ಜಹೀರನನ್ನು ‘ಏನೋ’ ಅನ್ನುತ್ತಿದ್ದಳು, ಭೀಮರಾಜನನ್ನು ‘ಏನ್ರೀ’. ವಾರದಿಂದ ಭೀಮರಾಜನಿಗೆ ಊಟ ರುಚಿಸದೆ ಹೋಗಲು ಇಷ್ಟೇ ಸಾಕಾಗಿತ್ತು.

ಮೂವರೂ ಕೆಲಸ ಮಾಡುವ ನಾಗಸಂದ್ರದ ವರ್ಕ್‌ಶಾಪಿನಲ್ಲಿ ತಯಾರಾಗುವುದು ಬಂದೂಕಲ್ಲ, ಬಂದೂಕಿನ ಹೊಟ್ಟೆ ಸೀಳಿ ತೋರಿಸುವ ಮಾಡೆಲ್‌ಗಳು. ಸೋಮವಾರ ಯಲಹಂಕದ ಪ್ರದರ್ಶನಕ್ಕೆ ಎರಡು ಹೋಗಬೇಕಿತ್ತು: ಜಹೀರ್ ಮಾಡಿದ ಲಾಂಗ್ ಸ್ಟ್ರೋಕ್, ಭೀಮರಾಜ್ ಮಾಡಿದ ಶಾರ್ಟ್ ಸ್ಟ್ರೋಕ್. ಜನರಿಗೆ ವಿವರಿಸುವವಳು ಜ್ಯೋತಿಲಕ್ಷ್ಮಿ. ಐದು ದಿನ ಅವಳ ಜೊತೆಗೆ ಒಬ್ಬ ಫಿಟ್ಟರ್. ಯಾರೆಂಬುದನ್ನು ಓನರ್ ಸುಬ್ರಮಣಿ ಅವಳಿಗೇ ಬಿಟ್ಟಿದ್ದರು.

ಅವಳು ಜಹೀರನನ್ನು ಎದುರು ಕೂರಿಸಿಕೊಂಡು ಪ್ರಾಕ್ಟೀಸ್ ಮಾಡುತ್ತಿದ್ದಳು.

“ಗುಂಡಿನ ಹಿಂದೆ ಬರೋ ಗ್ಯಾಸು ಈ ತೂತಿಂದ ನುಗ್ಗಿ ಪಿಸ್ಟನ್ ತಳ್ಳತ್ತೆ. ಲಾಂಗ್ ಸ್ಟ್ರೋಕಲ್ಲಿ ಪಿಸ್ಟನ್ನು, ಹಿಂದೆ ಮುಂದೆ ಓಡಾಡೋ ಈ ಕ್ಯಾರಿಯರ್‌ಗೆ ಅಂಟ್ಕೊಂಡೇ ಇರತ್ತೆ. ಹಿಂದಕ್ಕೂ ಜೊತೆ, ಮುಂದಕ್ಕೂ ಜೊತೆ.”

“ಶಾರ್ಟಲ್ಲಿ?”

“ಒಂದು ಏಟು ಕೊಟ್ಟು ನಿಂತ್ಬಿಡತ್ತೆ. ಆಮೇಲೆ ಕ್ಯಾರಿಯರ್ ಒಂದೇ ಹೋಗ್ಬೇಕು.”

ಹಾಗನ್ನುವಾಗ ಅವಳ ಕಣ್ಣು ಭೀಮರಾಜನ ಬೆಂಚಿನವರೆಗೆ ಬಂದು ಹೋಯಿತು. ಅವನಿಗೆ ಕಂಡಿದ್ದು ಜಹೀರನ ಹಲ್ಲು ಮಾತ್ರ.

“ಯಾವ್ದು ಒಳ್ಳೇದು ಮೇಡಮ್?” ಜಹೀರ್ ದೊಡ್ಡ ಸಾಹೇಬರ ಗತ್ತಿನಲ್ಲಿ ಕೇಳಿದ.

“ಶಾರ್ಟಲ್ಲಿ ಓಡಾಡೋ ತೂಕ ಕಮ್ಮಿ, ಕುಲುಕಾಟ ಕಮ್ಮಿ. ಲಾಂಗಲ್ಲಿ ತೂಕ ಜಾಸ್ತಿ, ಆದ್ರೆ ಮಣ್ಣು ಕೊಳೆ ಏನಿದ್ರೂ ತಳ್ಕೊಂಡು ಹೋಗತ್ತೆ. ನಿನ್ ಹಾಗೆ ಕಣೋ, ನಾಚ್ಕೆ ಇಲ್ದೆ.”

ಇಬ್ಬರೂ ನಕ್ಕರು. ಭೀಮರಾಜ್ ಬ್ರಷ್ಷನ್ನು ಬಣ್ಣದ ಡಬ್ಬಿಗೆ ಅದ್ದಿದ.

ದಿನಾ ಸಂಜೆ ಅವಳನ್ನು ಬೈಕಿನಲ್ಲಿ ಮೆಟ್ರೋ ಮೆಟ್ಟಿಲವರೆಗೆ ಬಿಟ್ಟು ಅವನು ಅಟ್ಟೂರಿನ ಮನೆಗೆ ತಿರುಗುತ್ತಿದ್ದ. ಯಶವಂತಪುರದ ತನಕ ಅವಳ ಜೊತೆ ಹೋಗುವವನು ಜಹೀರ್. ರೈಲಿನ ದಾರಿ ಹಾಕಿದವರು ಮೆಟ್ರೋದವರು. ತಪ್ಪು ಮಾತ್ರ ಜಹೀರನದು.

“ಟ್ರೈನಲ್ಲಿ ಅಷ್ಟೊಂದು ನಗೋಕೆ ಏನಿರತ್ತೆ?” ಎಂದು ಒಮ್ಮೆ ಕೇಳಿದ್ದ.

“ಸೀಟೇ ಇರಲ್ಲ,” ಅಂದಿದ್ದಳು.

ಶನಿವಾರ ಅವಳು ಮಾಡೆಲ್‌ಗಳನ್ನು ಪರೀಕ್ಷಿಸಿದಳು. ಒಟ್ಟಿಗೆ ಓಡಾಡುವ ಭಾಗಗಳಿಗೆ ಒಂದೇ ಬಣ್ಣ, ಬೇರೆಯಾಗುವುದಕ್ಕೆ ಬೇರೆ ಬಣ್ಣ: ಅದು ಅಲ್ಲಿನ ನಿಯಮ. ಭೀಮರಾಜನ ಮಾಡೆಲಿನ ಹಿಡಿ ಎಳೆದಳು. ಪಿಸ್ಟನ್ ಹೆಬ್ಬೆರಳಷ್ಟು ಸರಿದು ನಿಂತಿತು, ಕ್ಯಾರಿಯರ್ ಮುಂದುವರಿಯಿತು. ಎರಡೂ ಕೆಂಪು.

“ಏನ್ರೀ ಇದು?”

ಏಳು ವರ್ಷದಲ್ಲಿ ಅವನ ಮೊದಲ ತಪ್ಪು. “ಪಿಸ್ಟನ್ ನೀಲಿ ಇರ್ಬೇಕಿತ್ತು.”

“ಹಚ್ಚುವಾಗ ಏನ್ ನೋಡ್ತಿದ್ರಿ?”

“ನಿಮ್ಮನ್ನ.” ತಡೆದು, “ನಿಮ್ಮಿಬ್ಬರನ್ನ.”

“ನನ್ನ್ಯಾಕೆ ನೋಡ್ತೀಯ ಮಗಾ!” ಜಹೀರ್ ಡ್ರಿಲ್ ಆಫ್ ಮಾಡಿ, ಟೀಗೆಂದು ಹೊರಗೆ ಹೋದ.

“ಯಲಹಂಕಕ್ಕೆ ಅವ್ನನ್ನೇ ಕರ್ಕೊಂಡ್ ಹೋಗಿ. ಆದ್ರೆ ನಂಗೆ ನೀವಂದ್ರೆ ತುಂಬಾ ಇಷ್ಟ. ಹೇಳ್ದೆ ಅಷ್ಟೇ.” ಅವನು ಉಪ್ಪುಕಾಗದ ತೆಗೆದುಕೊಂಡು ಪಿಸ್ಟನ್ ಉಜ್ಜತೊಡಗಿದ.

“ಹೇಳಿ ಕೆಲ್ಸಕ್ಕೆ ಕೂತ್ಬಿಟ್ರಾ? ದಿನಾ ಇದೇ ಕತೆ. ಮೆಟ್ಟಿಲ ತನಕ ಬಿಡೋದು, ವಾಪಸ್ ಹೋಗೋದು. ಮೇಲೆ ಬರ್ತೀರೇನೋ ಅಂತ ದಿನಾ ತಿರುಗಿ ನೋಡ್ತೀನಿ.”

ಕಾಗದ ನಿಂತಿತು.

“ಸಾರ್‌ಗೆ ನಿಮ್ ಹೆಸ್ರು ಕೊಟ್ಟು ನಾಲ್ಕು ದಿನ ಆಯ್ತು. ನಿಮ್ಮೆದುರು ನಿಂತ್ರೆ ಮಾತು ಮರ್ತೋಗತ್ತೆ ಅಂತ ಜಹೀರನ ಹತ್ರ ಬಾಯಿಪಾಠ ಮಾಡ್ತಿದ್ದೆ.” ನೀಲಿ ಡಬ್ಬಿಯನ್ನು ಅವನ ಮುಂದೆ ತಳ್ಳಿದಳು. “ಬೇಗ ಹಚ್ಚಿ. ಒಣಗ್ಬೇಕು.”

ಆ ಸಂಜೆ ಬೈಕು ಸ್ಟೇಷನ್ನಿನ ಕೆಳಗೇ ನಿಂತಿತು. ಜಹೀರ್ ಇವರನ್ನು ನೋಡಿಯೂ ನೋಡದವನಂತೆ ಬೇರೆ ಬೋಗಿ ಹತ್ತಿದ.

“ಅಟ್ಟೂರಿಗೆ ಹೇಗೆ ಹೋಗ್ತೀರ?”

“ಯಶವಂತಪುರ ನೋಡ್ಕೊಂಡು ವಾಪಸ್ ಬಂದು.”

ಅವಳು ನಕ್ಕಳು. ಅದು ಜಹೀರನಿಗೆ ಸಿಗುತ್ತಿದ್ದ ನಗುವಲ್ಲ, ಸಣ್ಣದು, ಕೆಳದನಿಯದು. ಭೀಮರಾಜ್ ಅದನ್ನು ಖಚಿತ ಮಾಡಿಕೊಂಡ. ಸೀಟು ನಿಜಕ್ಕೂ ಇರಲಿಲ್ಲ. ಒಂದೇ ಕಂಬ ಹಿಡಿದಾಗ ಅವಳು ಅವನ ಉಗುರಿನಂಚಿನ ಕೆಂಪನ್ನು ಬೆರಳಿಂದ ಮುಟ್ಟಿ ನೋಡಿದಳು.

“ಇದನ್ನ ಉಜ್ಜಿಲ್ವೇನೋ?”